ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟಲು ಸರಿಯಾದ ಪುಸ್ತಕ ಆರಿಸುವುದು ಹೇಗೆ: ಹಂತಹಂತದ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಕಟ್ಟಲು ಹೊರಟ ಕಾರು ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಘಟ್ಟದಲ್ಲಿ. ಚಾಸಿಯ, ಅಂದರೆ ಕಾರನ್ನು ಹೊರುವ ಉಕ್ಕಿನ ಚೌಕಟ್ಟಿನ, ಪೈಪುಗಳನ್ನೆಲ್ಲ ಬೆಸೆದಾಗಿರುತ್ತದೆ. ಎಂಜಿನ್ ಇಳಿಸಿ ನೋಡಿದರೆ ಅದರ ಎಣ್ಣೆ ಸಂಪು ಚಾಸಿಯಿಂದ ಕೆಳಗೆ ಜೋತುಬಿದ್ದಿರುತ್ತದೆ, ಇಲ್ಲವೇ ಸ್ಟಿಯರಿಂಗ್ ಶಾಫ್ಟ್ ನೇರವಾಗಿ ಎಕ್ಸಾಸ್ಟ್ ಕೊಳವೆಗೆ ಹೋಗಿ ತಾಗುತ್ತದೆ. ಕಟ್ಟಿದವರ ಕೈಗೆಲಸದಲ್ಲಿ ದೋಷವಿರುವುದಿಲ್ಲ. ಅವರು ಹಿಡಿದ ಪುಸ್ತಕ ಬೇರೊಂದು ಎಂಜಿನ್ನಿಗೆ, ಬೇರೊಂದು ದೇಶದ ಕಾರಿಗೆ ಬರೆದದ್ದಾಗಿರುತ್ತದೆ. ಪುಸ್ತಕವನ್ನು ಮೊದಲು ಕೊಂಡು ಕಾರನ್ನು ಅದಕ್ಕೆ ಹೊಂದಿಸಲು ಹೋಗುವುದೇ ಮೂಲ ತಪ್ಪು. ಕಾನೂನು, ಬಿಡಿಭಾಗ ಕೊಡುವ ಹಳೆಯ ಕಾರು, ಕೈಯಲ್ಲಿರುವ ಉಪಕರಣ ಈ ಮೂರೂ ತೀರ್ಮಾನವಾದ ಮೇಲೆ ಪುಸ್ತಕದ ಸರದಿ.

ಈ ಕೆಲಸಕ್ಕೆ ಬೇಕಾದ ಸಾಮಾನು

ಪುಸ್ತಕ ಆರಿಸುವುದಕ್ಕೂ ಸಾಮಾನು ಬೇಕೆ ಎಂದು ಕೇಳಬೇಡಿ; ಬೇಕು. ಮಿಲಿಮೀಟರ್ ಗುರುತಿರುವ ಟೇಪು, ಕ್ಯಾಲ್ಕುಲೇಟರ್, ಗ್ರಾಫ್ ಹಾಳೆ, ಮೂಲೆಮಟ್ಟ, ಒಂದಿಷ್ಟು ದಪ್ಪ ರಟ್ಟು ಅಥವಾ ಮರದ ರೀಪು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಅಭ್ಯಾಸವಿದ್ದರೆ ಉಚಿತವಾಗಿ ಸಿಗುವ ಯಾವುದಾದರೂ ಮೂರು ಆಯಾಮದ ನಕ್ಷೆ ತಂತ್ರಾಂಶ ಸಾಕು. ಜೊತೆಗೆ ಒಂದು ನೋಟುಬುಕ್ಕು. ಬಿಡಿ ಹಾಳೆ ಬೇಡ, ಕಳೆದುಹೋಗುತ್ತದೆ.

ಹಂತ 1: ಅಂಗಡಿಗೆ ಹೋಗುವ ಮೊದಲು ನಾಲ್ಕು ಉತ್ತರ ಬರೆದಿಡಿ

ಮೊದಲನೆಯದು, ಕಾರು ರಸ್ತೆಗಿಳಿಯಬೇಕೋ ಅಥವಾ ಖಾಸಗಿ ಜಾಗದಲ್ಲಿ, ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಬೇಕೋ? ರಸ್ತೆಗಾದರೆ ನಿಮ್ಮ ಕಡೆಯ ವಾಹನ ನೋಂದಣಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೆಲವು ದೇಶಗಳಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಕಾರಿಗೆಂದೇ ತಪಾಸಣೆಯ ವ್ಯವಸ್ಥೆಯಿದೆ, ಕೆಲವು ಕಡೆ ಅಂಥ ದಾರಿಯೇ ಇಲ್ಲ. ದಾರಿ ಇಲ್ಲದ ಕಡೆ ಎಂಥ ಪುಸ್ತಕ ಕೊಂಡರೂ ಕಾರಿಗೆ ನಂಬರ್ ಪ್ಲೇಟು ಬರುವುದಿಲ್ಲ.

ಎರಡನೆಯದು, ಎಂಜಿನ್, ಗೇರ್‌ಬಾಕ್ಸ್, ಹಬ್ (ಚಕ್ರವನ್ನು ಬಿಗಿಯುವ ನಡುಭಾಗ), ಸ್ಟಿಯರಿಂಗ್ ಇವನ್ನೆಲ್ಲ ಯಾವ ಹಳೆಯ ಕಾರಿನಿಂದ ಕಳಚಿಕೊಳ್ಳುತ್ತೀರಿ? ಈ ಹವ್ಯಾಸದಲ್ಲಿ ಅದಕ್ಕೆ ಡೋನರ್ ಕಾರು ಎನ್ನುತ್ತಾರೆ. ಮಾಡೆಲ್ ಹೆಸರು, ತಯಾರಾದ ವರ್ಷ, ಎಂಜಿನ್ ಸಂಕೇತ ಮೂರೂ ಇರಲಿ.

ಮೂರನೆಯದು, ಯಾವ ಉಪಕರಣ ಇದೆ, ಯಾವುದನ್ನು ಬಳಸಲು ನಿಜವಾಗಿ ಬರುತ್ತದೆ? ಮಿಗ್ ವೆಲ್ಡರ್ (ತಂತಿಯನ್ನು ತಾನೇ ಉಣಿಸುತ್ತಾ ಬೆಸೆಯುವ ಯಂತ್ರ) ಕೊಂಡಿರುವುದು ಬೇರೆ, 1.6 ಮಿ.ಮೀ. ದಪ್ಪದ ಪೈಪಿಗೆ ತೂತು ಬೀಳಿಸದೆ ಬೆಸೆಯುವುದು ಬೇರೆ. ಲೇತ್ ಇಲ್ಲದವರು ಲೇತ್ ಕೆಲಸ ಬೇಡುವ ಪುಸ್ತಕ ಕೊಂಡರೆ ಪ್ರತಿಯೊಂದು ಬುಶ್ಶಿಗೂ (ಕೀಲಿನೊಳಗೆ ಕೂರುವ ಕೊಳವೆಯಂಥ ತುಂಡು) ವರ್ಕ್‌ಶಾಪಿಗೆ ಅಲೆಯಬೇಕು.

ನಾಲ್ಕನೆಯದು, ಜಾಗ ಎಷ್ಟಿದೆ? ಕಾರು ನಿಲ್ಲುವಷ್ಟು ಜಾಗ ಸಾಲದು. ಸುತ್ತ ಓಡಾಡಬೇಕು, ಕಳಚಿದ ಡೋನರ್ ಕಾರಿನ ಭಾಗಗಳನ್ನು ಇಡಬೇಕು. ಚಾಸಿ ಕಟ್ಟಲು ಸುಮಾರು 2440 × 1220 ಮಿ.ಮೀ. ಅಳತೆಯ ಮಟ್ಟಸವಾದ ಹಲಗೆಯನ್ನು ತಿಂಗಳುಗಟ್ಟಲೆ ಅಲುಗಿಸದೆ ಇಡಬೇಕಾಗುತ್ತದೆ.

ಹಂತ 2: ಪುಸ್ತಕದ ಜಾತಿ ಗುರುತಿಸಿ

ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಮುಖಪುಟದಲ್ಲಿ ಕೆಂಪು ಕಾರು. ಒಳಗೆ ಮಾತ್ರ ನಾಲ್ಕು ಬಗೆ.

ನಕ್ಷೆ ಪುಸ್ತಕ: ಪ್ರತಿ ಪೈಪಿನ ಉದ್ದ, ಕತ್ತರಿಸುವ ಕೋನ, ಬ್ರಾಕೆಟ್ಟಿನ ಅಳತೆ ಎಲ್ಲ ಕೊಟ್ಟಿರುತ್ತದೆ. ಸೊನ್ನೆಯಿಂದ ಕಟ್ಟುವವರಿಗೆ ಇದೇ ಬೇಕು.

ಕಿಟ್ ಜೋಡಣೆಯ ಪುಸ್ತಕ: ಚಾಸಿ, ಬಾಡಿ ಎರಡನ್ನೂ ಸಿದ್ಧವಾಗಿ ಕೊಂಡವರಿಗಾಗಿ ಬರೆದದ್ದು. ಜೋಡಣೆಯ ಕ್ರಮ, ವಯರಿಂಗ್, ಬ್ರೇಕ್ ಪೈಪು ಹಾಯಿಸುವುದು ಚೆನ್ನಾಗಿರುತ್ತದೆ, ಚಾಸಿಯ ಅಳತೆ ಒಂದೂ ಇರುವುದಿಲ್ಲ.

ಸಿದ್ಧಾಂತದ ಪುಸ್ತಕ: ಸಸ್ಪೆನ್ಷನ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು, ಸ್ಪ್ರಿಂಗುಗಳು) ಜ್ಯಾಮಿತಿ, ಚಾಸಿಯ ಬಿಗಿತ, ತೂಕದ ಹಂಚಿಕೆ. ಇದನ್ನು ನೋಡಿ ಕಾರು ಕಟ್ಟಲಾಗದು, ಆದರೆ ನಕ್ಷೆ ಪುಸ್ತಕದ ತಪ್ಪು ಹಿಡಿಯಲು ಇದೇ ಆಧಾರ.

ಅನುಭವ ಕಥನ: ಓದಲು ಖುಷಿ. ಫೋಟೋ ತುಂಬಾ, ಅಳತೆ ಕಡಿಮೆ. ಮೊದಲ ಪುಸ್ತಕವಾಗಿ ಇದನ್ನು ಕೊಂಡವರೇ ಹೆಚ್ಚು ಮೋಸಹೋಗುವುದು, ಏಕೆಂದರೆ ಓದಿ ಮುಗಿಸಿದಾಗ ಎಲ್ಲ ಗೊತ್ತಾದಂತೆ ಅನ್ನಿಸುತ್ತದೆ.

ಗುರುತಿಸುವ ಉಪಾಯ ಸುಲಭ. ಪುಸ್ತಕವನ್ನು ಎಲ್ಲೆಂದರಲ್ಲಿ ತೆರೆದು ಹತ್ತು ಪುಟ ತಿರುವಿ. ಆ ಹತ್ತರಲ್ಲಿ ಅಳತೆ ಸಮೇತ ಇರುವ ಚಿತ್ರ ಎಷ್ಟು ಎಂದು ಎಣಿಸಿ. ಚಾಸಿ ಅಧ್ಯಾಯದಲ್ಲೂ ಒಂದೆರಡಕ್ಕಿಂತ ಹೆಚ್ಚು ಸಿಗದಿದ್ದರೆ ಅದು ನಕ್ಷೆ ಪುಸ್ತಕವಲ್ಲ, ಮುಖಪುಟ ಏನೇ ಹೇಳಲಿ.

ಹಂತ 3: ಡೋನರ್ ಕಾರು ತಾಳೆಯಾಗುತ್ತದೆಯೇ ನೋಡಿ

ಪುಸ್ತಕ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಚಾಲನೆ ಇರುವ ಹಗುರ ಕಾರಿನ ಪುಸ್ತಕಗಳು ಉದ್ದಕ್ಕೆ ಕೂರುವ ಎಂಜಿನ್ನನ್ನು, ಅದರ ಹಿಂದೆ ಗೇರ್‌ಬಾಕ್ಸನ್ನು ಬೇಡುತ್ತವೆ. ಅಡ್ಡಕ್ಕೆ ಕೂರುವ ಎಂಜಿನ್ನಿನ ಮುಂಚಕ್ರ ಚಾಲನೆಯ ಕಾರು ಇದಕ್ಕೆ ಒಗ್ಗುವುದಿಲ್ಲ. ಅಂಥ ಎಂಜಿನ್ ಇದ್ದರೆ ಅದನ್ನು ಗೇರ್‌ಬಾಕ್ಸ್ ಸಮೇತ ಸೀಟಿನ ಹಿಂದೆ ಕೂರಿಸುವ ವಿನ್ಯಾಸದ ಪುಸ್ತಕ ಹುಡುಕಬೇಕು.

ಒಂದು ಉದಾಹರಣೆ ನೋಡಿ. ಈ ಹವ್ಯಾಸದಲ್ಲಿ ಪದೇಪದೇ ಕೇಳಿಬರುವ ರಾನ್ ಚಾಂಪಿಯನ್ ಅವರ ಪುಸ್ತಕ ಹೇನ್ಸ್ ಪ್ರಕಾಶನದಿಂದ 1996ರಲ್ಲಿ ಬಂತು. ಅದು ಫೋರ್ಡ್ ಎಸ್ಕಾರ್ಟಿನ ಮೊದಲೆರಡು ಪೀಳಿಗೆಗಳನ್ನು ನಂಬಿ ಬರೆದದ್ದು. ಎಸ್ಕಾರ್ಟ್ 1980ರ ಮೂರನೇ ಪೀಳಿಗೆಯಿಂದ ಮುಂಚಕ್ರ ಚಾಲನೆಯ ಕಾರಾಯಿತು. ಹೆಸರು ಅದೇ ಎಂದು ಆಮೇಲಿನ ಎಸ್ಕಾರ್ಟ್ ತಂದರೆ ಆ ನಕ್ಷೆಗೆ ಅದು ಕೂರುವುದೇ ಇಲ್ಲ. ಅದೇ ಪ್ರಕಾಶನದಿಂದ ಆಮೇಲೆ ಬಂದ ಕ್ರಿಸ್ ಗಿಬ್ಸ್ ಅವರ ಪುಸ್ತಕ ಫೋರ್ಡ್ ಸಿಯೆರಾವನ್ನು ಆಧರಿಸಿದ್ದು, ಅದರಲ್ಲಿ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದೆ. ಎರಡರ ಚಾಸಿಯೂ ಬೇರೆ. ಒಂದರ ಮುಂಭಾಗ, ಇನ್ನೊಂದರ ಹಿಂಭಾಗ ಸೇರಿಸಿ ಕಟ್ಟುತ್ತೇನೆ ಎಂದು ಹೊರಡಬೇಡಿ; ಅದು ಹೊಸ ವಿನ್ಯಾಸ ಮಾಡಿದಂತೆ, ಪುಸ್ತಕ ನೋಡಿ ಕಟ್ಟಿದಂತಲ್ಲ.

ನಿಮ್ಮ ಡೋನರ್ ಪುಸ್ತಕದ್ದೇ ಅಲ್ಲದಿದ್ದರೆ ಈ ಅಳತೆಗಳನ್ನು ನೀವೇ ತೆಗೆದು ಪುಸ್ತಕದ ಪಕ್ಕದಲ್ಲಿ ಬರೆಯಿರಿ:

- ಸಂಪಿನ ತಳದಿಂದ ಎಂಜಿನ್ನಿನ ತುತ್ತತುದಿಯವರೆಗೆ ಎತ್ತರ
- ಮುಂದಿನ ಪುಲ್ಲಿಯಿಂದ ಗೇರ್‌ಬಾಕ್ಸಿನ ಹಿಂತುದಿಯವರೆಗೆ ಉದ್ದ
- ಗೇರ್ ಲಿವರ್ ಹೊರಬರುವ ಜಾಗ
- ಎಕ್ಸಾಸ್ಟ್ ಯಾವ ಬದಿ, ಸ್ಟಾರ್ಟರ್ ಮೋಟರ್ ಯಾವ ಬದಿ
- ಬೆಲ್‌ಹೌಸಿಂಗಿನ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಅಗಲ, ಅಂದರೆ ಕಾಲಿಡುವ ಜಾಗದ ನಡುವಿನ ಸುರಂಗಕ್ಕೆ ಬೇಕಾದ ಅಗಲ
- ಹಿಂದಿನ ಆಕ್ಸಲ್ಲಿನ ಅಗಲ, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂತ ವೃತ್ತದ ವ್ಯಾಸ

ಇವುಗಳಲ್ಲಿ ಎಲ್ಲರೂ ಮರೆಯುವುದು ಬೆಲ್‌ಹೌಸಿಂಗ್ ಅಗಲ. ಸುರಂಗ ಎರಡು ಬದಿಗೂ 30 ಮಿ.ಮೀ. ಹಿಗ್ಗಿದರೆ ಪೆಡಲುಗಳ ಜಾಗದಲ್ಲಿ 30 ಮಿ.ಮೀ. ಹೋಯಿತು. ಮೂರು ಪೆಡಲು ಇರಬೇಕಾದ ಇಕ್ಕಟ್ಟಿನಲ್ಲಿ ಅದು ದೊಡ್ಡ ನಷ್ಟ. ಬ್ರೇಕ್ ಒತ್ತಲು ಹೋದ ಪಾದ ಆಕ್ಸಿಲರೇಟರನ್ನೂ ಒತ್ತುತ್ತದೆ.

ಇಂಜೆಕ್ಷನ್ ಎಂಜಿನ್ನಾದರೆ ಇನ್ನೊಂದು ಪ್ರಶ್ನೆ: ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ವಯರಿಂಗ್, ಕೀಲಿ, ಇಮ್ಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ) ಎಲ್ಲವನ್ನೂ ಒಂದೇ ಕಾರಿನಿಂದ ಒಟ್ಟಿಗೆ ತರಬೇಕು ಎಂದು ಪುಸ್ತಕ ಹೇಳುತ್ತದೆಯೇ? ಕಾರ್ಬುರೇಟರ್ ಕಾಲದ ಪುಸ್ತಕಗಳಲ್ಲಿ ಈ ಮಾತು ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ.

ಹಂತ 4: ಮುದ್ರಣದ ವರ್ಷ ಮತ್ತು ದೇಶ

ಎರಡನೇ ಪುಟ ತೆರೆದು ಮುದ್ರಣದ ವರ್ಷ ನೋಡಿ. ಬ್ರಿಟನ್ನಿನಲ್ಲಿ ಒಂಟಿ ಕಾರುಗಳ ಎಸ್‌ವಿಎ (ಸಿಂಗಲ್ ವೆಹಿಕಲ್ ಅಪ್ರೂವಲ್) ತಪಾಸಣೆ ಮನೆಯಲ್ಲಿ ಕಟ್ಟಿದವಕ್ಕೆ ಅನ್ವಯವಾದದ್ದು 1998ರಲ್ಲಿ. 2009ರಲ್ಲಿ ಅದರ ಜಾಗಕ್ಕೆ ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಬಂತು. ಹಾಗಾಗಿ 1996ರ ಮುದ್ರಣದಲ್ಲಿ ಈ ಎರಡರ ಸುದ್ದಿಯೂ ಇಲ್ಲ. ಪುಸ್ತಕದಲ್ಲಿ ಮುದ್ದಾಗಿ ಕಾಣುವ ಚೂಪು ಅಂಚಿನ ಬ್ರಾಕೆಟ್ಟು, ತೆರೆದ ಬೋಲ್ಟಿನ ತಲೆ, ಗಟ್ಟಿ ಸ್ಟಿಯರಿಂಗ್ ಕಂಬ ಇವೆಲ್ಲ ಇಂದಿನ ತಪಾಸಣೆಯಲ್ಲಿ ಬಿದ್ದುಹೋಗಬಹುದು. ಯಾವ ದೇಶದ ನಿಯಮವಾದರೂ ಲೆಕ್ಕ ಇದೇ. ನಿಯಮದ ಪಠ್ಯವನ್ನು ಬೇರೆಯಾಗಿ ತಂದು ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು, ಪುಸ್ತಕದಲ್ಲಿ ಬರೆದ ಕಾನೂನನ್ನು ನಂಬಿ ಕೂರಬಾರದು.

ಸ್ಟಿಯರಿಂಗ್ ಯಾವ ಬದಿ ಎಂಬುದೂ ಇಲ್ಲೇ ಇತ್ಯರ್ಥವಾಗಲಿ. ಬಲಗಡೆ ಸ್ಟಿಯರಿಂಗಿನ ನಕ್ಷೆಯನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ಎಡಕ್ಕೆ ಮಾಡಿಕೊಳ್ಳಬಹುದು ಎನ್ನುವುದು ಚಾಸಿಗೆ ಸರಿ, ಎಂಜಿನ್ನಿಗೆ ಅಲ್ಲ. ಎಂಜಿನ್ನಿನ ಎಕ್ಸಾಸ್ಟ್ ಇದ್ದ ಬದಿಯಲ್ಲೇ ಇರುತ್ತದೆ.

ಹಂತ 5: ಅಳತೆಯ ಪದ್ಧತಿ

ಇಂಚಿನ ಪುಸ್ತಕ, ಮಿಲಿಮೀಟರಿನ ಪೈಪು. ಎಡವುವುದು ಇಲ್ಲಿಯೇ.

1 ಇಂಚು ಅಂದರೆ 25.4 ಮಿ.ಮೀ. ಪುಸ್ತಕ 42 ಇಂಚು ಅಗಲ ಎಂದರೆ ಅದು 1066.8 ಮಿ.ಮೀ. ಬಾಯಿಲೆಕ್ಕದಲ್ಲಿ ಇಂಚಿಗೆ 25 ಎಂದು ಹಿಡಿದವರಿಗೆ 1050 ಬರುತ್ತದೆ, 16.8 ಮಿ.ಮೀ. ಕಡಿಮೆ. ಪೈಪಿನ ದಪ್ಪದ ವ್ಯತ್ಯಾಸ ಇನ್ನೂ ನಯವಾಗಿ ಕಾಡುತ್ತದೆ. 42 ಇಂಚು ಹೊರ ಅಗಲದ ಚೌಕಟ್ಟಿನಲ್ಲಿ ಎರಡು ಬದಿಗೆ 1 ಇಂಚಿನ ಪೈಪು ಇದ್ದರೆ ನಡುವಿನ ಅಡ್ಡ ಪೈಪು 40 ಇಂಚು, ಅಂದರೆ 1016 ಮಿ.ಮೀ. ನಿಮಗೆ ಸಿಗುವುದು 25 ಮಿ.ಮೀ. ಪೈಪಾದರೆ ಅದೇ ಹೊರ ಅಗಲಕ್ಕೆ ಅಡ್ಡ ಪೈಪು 1016.8 ಇರಬೇಕು. ಒಂದು ಜಾಗದಲ್ಲಿ 0.8 ಏನೂ ಅಲ್ಲ. ಆದರೆ ಒಂದು ಪೈಪನ್ನು ಹೊರ ಅಂಚಿನಿಂದ, ಇನ್ನೊಂದನ್ನು ನಡುಗೆರೆಯಿಂದ ಅಳೆಯುತ್ತಾ ಹೋದರೆ ಸಸ್ಪೆನ್ಷನ್ ಬ್ರಾಕೆಟ್ಟಿನ ಹೊತ್ತಿಗೆ ಎಡ ಬಲ ಎರಡು ಬೇರೆ ಕಾರಿನಂತಾಗುತ್ತವೆ. ಪುಸ್ತಕ ಯಾವುದರಿಂದ ಅಳೆಯುತ್ತದೆ, ಹೊರ ಅಂಚೋ ನಡುಗೆರೆಯೋ? ಮೊದಲ ನಕ್ಷೆಯಲ್ಲೇ ಇದನ್ನು ಸ್ಪಷ್ಟಪಡಿಸದ ಪುಸ್ತಕ ಬೇಡ.

ಗೇಜ್ ಇನ್ನೊಂದು ಬಲೆ. ಬ್ರಿಟನ್ನಿನ ತಂತಿ ಗೇಜಿನಲ್ಲಿ 16 ಅಂದರೆ ಸುಮಾರು 1.63 ಮಿ.ಮೀ. ಅಮೆರಿಕದ ಉಕ್ಕಿನ ತಗಡಿನ ಗೇಜಿನಲ್ಲಿ ಅದೇ 16 ಅಂದರೆ ಸುಮಾರು 1.52 ಮಿ.ಮೀ. ಪೈಪುಗಳಿಗೆ ಬಳಸುವ ಬರ್ಮಿಂಗ್‌ಹ್ಯಾಮ್ ಗೇಜಿನಲ್ಲಿ ಸುಮಾರು 1.65. ಬರೀ "16 ಗೇಜ್" ಎಂದು ಬರೆದು ಮಿಲಿಮೀಟರ್ ಕೊಡದ ಪುಸ್ತಕವಾದರೆ ಅದು ಯಾವ ದೇಶದ್ದು ಎಂದು ನೋಡಿ ಅಂಚಿನಲ್ಲಿ ಮಿಲಿಮೀಟರ್ ಬರೆದುಕೊಳ್ಳಿ. ಪೈಪು ಕೊಳ್ಳುವಾಗ ಗೇಜ್ ಹೇಳಬೇಡಿ, ಮಿಲಿಮೀಟರ್ ಹೇಳಿ.

ಬೋಲ್ಟುಗಳ ಮರೆ (ಥ್ರೆಡ್) ಕೂಡ ಹೀಗೆಯೇ. ಸೀಟ್ ಬೆಲ್ಟ್ ಬೋಲ್ಟು ಸಾಮಾನ್ಯವಾಗಿ 7/16 ಇಂಚಿನ ಯುಎನ್‌ಎಫ್ ಮರೆಯದು (ಇಂಚು ಪದ್ಧತಿಯ ಸಣ್ಣ ಮರೆ). ಇದನ್ನು ಹೇಳದ ಪುಸ್ತಕ ನೋಡಿ ಮೆಟ್ರಿಕ್ ನಟ್ಟು ಬೆಸೆದು, ಕೊನೆಗೆ ಅದನ್ನು ಗ್ರೈಂಡರಿನಿಂದ ತೆಗೆಯಬೇಕಾಗುತ್ತದೆ.

ಹಂತ 6: ನಕ್ಷೆಯನ್ನು ಪರೀಕ್ಷೆಗೆ ಒಡ್ಡಿ

ಅಚ್ಚಾದ ಅಳತೆಯೆಲ್ಲ ಸರಿಯಿರುತ್ತದೆ ಎಂಬ ನಂಬಿಕೆ ದುಬಾರಿ. ಮೇಲೆ ಹೇಳಿದ 1996ರ ಪುಸ್ತಕದ ಚಾಸಿ ಅಳತೆಗಳಲ್ಲೂ ಒಂದಕ್ಕೊಂದು ಕೂಡದವು ಇದ್ದವು, ಕಟ್ಟಿದವರು ಅವನ್ನು ಗುರುತಿಸಿ ತಿದ್ದುಪಡಿಗಳ ಪಟ್ಟಿ ಮಾಡಿದ್ದಾರೆ. ಜನಪ್ರಿಯ ಪುಸ್ತಕಕ್ಕೆ ಇರುವ ದೊಡ್ಡ ಅನುಕೂಲವೇ ಇದು: ತಪ್ಪುಗಳನ್ನು ಬೇರೆಯವರು ಆಗಲೇ ಹಿಡಿದಿರುತ್ತಾರೆ. ಯಾರೂ ಕಟ್ಟದ ಪುಸ್ತಕದ ತಪ್ಪನ್ನು ನಿಮ್ಮ ಉಕ್ಕು ಹಿಡಿಯಬೇಕಾಗುತ್ತದೆ.

ಪರೀಕ್ಷೆಯ ಕ್ರಮ ಹೀಗಿರಲಿ.

ಮೊದಲು ಕೂಡುವ ಲೆಕ್ಕ. ತಳದ ಚೌಕಟ್ಟಿನ ಒಟ್ಟು ಉದ್ದವನ್ನೂ ಬಿಡಿ ಭಾಗಗಳ ಉದ್ದವನ್ನೂ ಬರೆದು ಕೂಡಿ. ಪೈಪಿನ ಅಗಲಗಳನ್ನು ಬಿಡಬೇಡಿ.

ಎರಡನೆಯದು ಕರ್ಣದ ಲೆಕ್ಕ. 1100 × 800 ಮಿ.ಮೀ. ಆಯತಕ್ಕೆ ಕರ್ಣ 1360 ಬರಬೇಕು. ಪುಸ್ತಕದ ಓರೆ ಪೈಪುಗಳಲ್ಲಿ ಮೂರನ್ನು ಆರಿಸಿ ಹೀಗೆ ಲೆಕ್ಕ ಹಾಕಿ ನೋಡಿ. 2 ಅಥವಾ 3 ಮಿ.ಮೀ. ವ್ಯತ್ಯಾಸ ಪೈಪಿನ ತುದಿ ಕತ್ತರಿಸುವ ಕೋನದಿಂದ ಬಂದಿರಬಹುದು. ಹತ್ತಕ್ಕಿಂತ ಹೆಚ್ಚಾದರೆ ಅಚ್ಚಿನ ತಪ್ಪು ಅಥವಾ ಲೇಖಕರ ತಪ್ಪು.

ಮೂರನೆಯದು ಎಣಿಕೆ. ಕತ್ತರಿಸುವ ಪಟ್ಟಿಯಲ್ಲಿರುವ ಪೈಪುಗಳ ಸಂಖ್ಯೆ, ಚಿತ್ರದಲ್ಲಿ ಗುರುತು ಹಾಕಿದ ಪೈಪುಗಳ ಸಂಖ್ಯೆ ಒಂದೇ ಇರಬೇಕು. ಚಿತ್ರದಲ್ಲಿದ್ದು ಪಟ್ಟಿಯಲ್ಲಿ ಇಲ್ಲದ ಪೈಪು ಸಾಮಾನ್ಯವಾಗಿ ಓರೆ ಪೈಪೇ ಆಗಿರುತ್ತದೆ, ಮತ್ತು ಚಾಸಿ ತಿರುಚದಂತೆ ತಡೆಯುವುದು ಆ ಓರೆ ಪೈಪುಗಳೇ.

ನಾಲ್ಕನೆಯದಕ್ಕೆ ಸಮಯ ಹಿಡಿಯುತ್ತದೆ, ಆದರೂ ಬಿಡಬೇಡಿ. ಇಡೀ ಚಾಸಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಅಥವಾ ಐದನೇ ಒಂದು ಅಳತೆಯಲ್ಲಿ 5 ಮಿ.ಮೀ. ಮರದ ಕಡ್ಡಿಗಳಿಂದ ಮಾಡಿ; 25 ಮಿ.ಮೀ. ಪೈಪಿಗೆ ಅದು ಸರಿಯಾಗಿ ಹೊಂದುತ್ತದೆ. ಕೂಡದ ಪೈಪು ಕೈಗೇ ಸಿಗುತ್ತದೆ. ಮಾದರಿ ಮುಗಿದ ಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಎಲ್ಲಿ ಬಾಗುತ್ತದೋ ಅಲ್ಲಿ ತ್ರಿಕೋನ ಇಲ್ಲ ಎಂದರ್ಥ.

ಹಂತ 7: ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್ ಅಧ್ಯಾಯ ಓದಿ ತೂಗಿ

ಸಮಯ ಕಡಿಮೆ ಇದ್ದರೆ ಪುಸ್ತಕದಲ್ಲಿ ಈ ಮೂರು ಅಧ್ಯಾಯ ಮಾತ್ರ ಓದಿ. ಲೇಖಕರಿಗೆ ವಿಷಯ ಗೊತ್ತೋ ಇಲ್ಲವೋ ಇಲ್ಲಿ ಬಯಲಾಗುತ್ತದೆ.

ಸ್ಪ್ರಿಂಗ್ ಆಯ್ಕೆಯ ಭಾಗದಲ್ಲಿ ಒಂದೇ ಲೆಕ್ಕ ಹುಡುಕಿ. ಸ್ಪ್ರಿಂಗ್ ಚಕ್ರದ ಮೇಲೆ ನೇರವಾಗಿ ಕೂರುವುದಿಲ್ಲ, ತೋಳಿನ ನಡುವೆ ಎಲ್ಲೋ ಕೂರುತ್ತದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 6 ಮಿ.ಮೀ. ಕುಗ್ಗಿದರೆ ಅನುಪಾತ 0.6. ಚಕ್ರಕ್ಕೆ ಸಿಗುವ ಬಿಗಿತ ತಿಳಿಯಲು ಈ ಅನುಪಾತವನ್ನು ವರ್ಗ ಮಾಡಿ ಗುಣಿಸಬೇಕು: 40 ನ್ಯೂಟನ್ ಪ್ರತಿ ಮಿ.ಮೀ. ಬಿಗಿತದ ಸ್ಪ್ರಿಂಗಿಗೆ 0.36 × 40 = 14.4. ವರ್ಗ ಮಾಡದೆ 24 ಎಂದು ತೋರಿಸುವ ಪುಸ್ತಕವನ್ನು ಅಲ್ಲಿಯೇ ಮುಚ್ಚಿ. ಆ ಲೆಕ್ಕ ನಂಬಿ ಕೊಂಡ ಸ್ಪ್ರಿಂಗ್ ಮೆತ್ತಗಾಗಿ ಕಾರಿನ ಹೊಟ್ಟೆ ರಸ್ತೆಗೆ ಉಜ್ಜುತ್ತದೆ.

ಸ್ಟಿಯರಿಂಗ್ ಅಧ್ಯಾಯದಲ್ಲಿ ಬಂಪ್ ಸ್ಟಿಯರ್ ಅಳೆಯುವ ವಿಧಾನ ಇರಲೇಬೇಕು. ಚಕ್ರ ಮೇಲೆ ಕೆಳಗೆ ಹೋದಾಗ, ಸ್ಟಿಯರಿಂಗ್ ತಿರುಗಿಸದಿದ್ದರೂ ಚಕ್ರದ ಮೂತಿ ಒಳಗೋ ಹೊರಗೋ ವಾಲುವುದೇ ಬಂಪ್ ಸ್ಟಿಯರ್. ಸ್ಪ್ರಿಂಗ್ ತೆಗೆದು, ಚಕ್ರವನ್ನು 10 ಮಿ.ಮೀ. ಅಂತರದಲ್ಲಿ ಎತ್ತುತ್ತಾ ಪ್ರತಿ ಸಲ ಅಳೆದು ಬರೆಯುವ ಕ್ರಮವನ್ನು ಒಳ್ಳೆಯ ಪುಸ್ತಕ ವಿವರಿಸುತ್ತದೆ. ಸ್ಟಿಯರಿಂಗ್ ರ್‍ಯಾಕನ್ನು (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ದಂಡ) "ಅನುಕೂಲವಾದ ಎತ್ತರದಲ್ಲಿ" ಕೂರಿಸಿ ಎಂದು ಬರೆದಿದ್ದರೆ ಅಪಾಯ. ರ್‍ಯಾಕಿನ ಎತ್ತರವೂ ಅದರ ಒಳಕೀಲುಗಳ ನಡುವಿನ ಅಂತರವೂ ತೋಳುಗಳ ಕೀಲುಗಳಿಗೆ ಹೊಂದಬೇಕು. ಡೋನರ್ ಕಾರಿನ ಅಗಲವಾದ ರ್‍ಯಾಕನ್ನು ಕಿರಿದಾದ ಚಾಸಿಗೆ ಹಾಗೆಯೇ ಕೂರಿಸಿದರೆ ಹಳ್ಳ ಸಿಕ್ಕಾಗಲೆಲ್ಲ ಕಾರು ತಾನೇ ಪಕ್ಕಕ್ಕೆ ಎಳೆಯುತ್ತದೆ.

ಬ್ರೇಕಿಗೆ ಬಂದರೆ, ಡೋನರ್ ಕಾರು ಒಂದು ಟನ್ ತೂಗುತ್ತಿದ್ದರೆ ನೀವು ಕಟ್ಟುವುದು ಸುಮಾರು 600 ಕಿಲೋ ತೂಗಬಹುದು. ಸರ್ವೋ ಬೂಸ್ಟರಿಗೆ (ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಸಾಧನ) ಜಾಗವಿರುವುದಿಲ್ಲ. ಆಗ ಮಾಸ್ಟರ್ ಸಿಲಿಂಡರಿನ (ಪೆಡಲು ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಸಿಲಿಂಡರ್) ವ್ಯಾಸ, ಪೆಡಲಿನ ಅನುಪಾತ ಎರಡನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಕಾಲಿನ ಬಲ 300 ನ್ಯೂಟನ್, ಪೆಡಲಿನ ಅನುಪಾತ 5 ಆದರೆ ಸಿಲಿಂಡರಿನ ಮೇಲೆ 1500 ನ್ಯೂಟನ್. 19.05 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಅದು ಸುಮಾರು 53 ಬಾರ್ ಒತ್ತಡ ಕೊಡುತ್ತದೆ, 22.2 ಮಿ.ಮೀ. ವ್ಯಾಸದ್ದರಲ್ಲಿ 39 ಬಾರ್ ಮಾತ್ರ. ದೊಡ್ಡ ಸಿಲಿಂಡರ್ ಹಾಕಿದರೆ ಬ್ರೇಕ್ ಬಲವಾಗುತ್ತದೆ ಎಂದು ಬರೆದ ಪುಸ್ತಕವಿದ್ದರೆ ಅದು ತಲೆಕೆಳಗು. ಈ ಬಗೆಯ ಲೆಕ್ಕ ಇಲ್ಲದಿದ್ದರೂ, ಸರ್ವೋ ತೆಗೆದರೆ ಏನು ಬದಲಿಸಬೇಕು ಎಂಬ ಮಾತಾದರೂ ಇರಬೇಕು. ಹಿಂದಿನ ಚಕ್ರ ಮೊದಲು ಲಾಕ್ ಆಗದಂತೆ ಹೊಂದಿಸುವ ವಿಧಾನ ಇಲ್ಲದ ಪುಸ್ತಕ ಬೇಡವೇ ಬೇಡ. ಹಿಂಚಕ್ರ ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ.

ಹಂತ 8: ವೆಲ್ಡಿಂಗ್ ಮತ್ತು ಸುರಕ್ಷತೆಯ ಮಾತು ಎಷ್ಟಿದೆ?

ವೆಲ್ಡಿಂಗ್ ಕಲಿಸುವುದು ಈ ಪುಸ್ತಕಗಳ ಕೆಲಸವಲ್ಲ, ಆದರೆ ಬೆಸೆಯುವ ಸರದಿ ಹೇಳುವುದು ಅವುಗಳ ಕೆಲಸ. ತಳದ ಚೌಕಟ್ಟನ್ನು ಹಲಗೆಗೆ ಬಿಗಿದು, ಎಲ್ಲ ಕೂಡಿಕೆಗಳಿಗೂ ಮೊದಲು ಚುಕ್ಕೆ ಬೆಸುಗೆ ಹಾಕಿ, ಕರ್ಣ ಅಳೆದು, ಎಂಜಿನ್ ಗೇರ್‌ಬಾಕ್ಸ್ ಇಳಿಸಿ ನೋಡಿ, ಆಮೇಲೆ ಪೂರ್ತಿ ಬೆಸುಗೆ. ಅದೂ ಒಂದೇ ಕಡೆಯಿಂದ ಸಾಲಾಗಿ ಅಲ್ಲ, ಎಡ ಬಲ ಬದಲಿಸುತ್ತಾ. ಒಂದು ಮೂಲೆಯಿಂದ ಪೂರ್ತಿ ಬೆಸೆಯುತ್ತಾ ಹೋಗಿ ಎನ್ನುವ ಪುಸ್ತಕದ ಚಾಸಿ ಬಾಳೆಹಣ್ಣಿನಂತೆ ಬಾಗುತ್ತದೆ.

ಕೆಳಗಿನ ಎಚ್ಚರಿಕೆಗಳಲ್ಲಿ ಒಂದೆರಡಾದರೂ ಪುಸ್ತಕದಲ್ಲಿ ಇವೆಯೇ ನೋಡಿ. ಸತುವಿನ ಲೇಪವಿರುವ ಪೈಪು ಬೆಸೆದರೆ ಹೊಗೆಯಿಂದ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹವನ್ನು ಹಸಿಯಿರುವಾಗಲೇ ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಹಳೆಯ ಪೆಟ್ರೋಲ್ ಟ್ಯಾಂಕು ಖಾಲಿ ಕಂಡರೂ ಒಳಗಿನ ಆವಿ ಸ್ಫೋಟಿಸುತ್ತದೆ, ಅದನ್ನು ಮನೆಯಲ್ಲಿ ಬೆಸೆಯಬಾರದು. ಫೈಬರ್ ಗಾಜಿನ ರಾಳಕ್ಕೆ ಹಾಕುವ ಪೆರಾಕ್ಸೈಡ್ ಗಟ್ಟಿಕಾರಕವನ್ನು ಕೋಬಾಲ್ಟ್ ವೇಗವರ್ಧಕದ ಜೊತೆ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು. ಇಂಥ ಒಂದು ಮಾತೂ ಇಲ್ಲದ ಪುಸ್ತಕ ಬರೆದವರು ಗ್ಯಾರೇಜಿನಲ್ಲಿ ನಿಂತು ಬರೆದಿಲ್ಲ ಎಂದು ಧಾರಾಳವಾಗಿ ಅನುಮಾನಿಸಬಹುದು.

ಫೈಬರ್ ಬಾಡಿಯ ಅಧ್ಯಾಯದಲ್ಲಿ ಪ್ರಮಾಣಗಳೂ ಇರಬೇಕು. ಪಾಲಿಯೆಸ್ಟರ್ ರಾಳಕ್ಕೆ ಗಟ್ಟಿಕಾರಕ ಸಾಮಾನ್ಯವಾಗಿ ತೂಕದ ಶೇ. 1ರಿಂದ 2, ಕತ್ತರಿಸಿದ ಗಾಜಿನ ಎಳೆಗಳ ಮ್ಯಾಟಿಗೆ ಅದರ ತೂಕದ ಎರಡರಿಂದ ಎರಡೂವರೆ ಪಟ್ಟು ರಾಳ. "ಬೇಕಾದಷ್ಟು" ಎಂದು ಬರೆದಿದ್ದರೆ ಬೇರೆ ಪುಸ್ತಕ ನೋಡಿ.

ಹಂತ 9: ಕೆಲಸದ ಅನುಕ್ರಮ ಸರಿಯಿದೆಯೇ?

ಪರಿವಿಡಿ ತೆರೆಯಿರಿ. ಬಣ್ಣ ಹೊಡೆಯುವ ಅಧ್ಯಾಯ ಎಲ್ಲಿ ಬರುತ್ತದೆ? ಪೂರ್ತಿ ಕಾರನ್ನು ಒಮ್ಮೆ ಒಣ ಜೋಡಣೆ ಮಾಡಿ, ಎಲ್ಲ ಬ್ರಾಕೆಟ್ಟು, ಪೈಪಿನ ಕ್ಲಿಪ್ಪು, ತೂತು ಮುಗಿದ ಮೇಲೆ ಮತ್ತೆ ಕಳಚಿ ಬಣ್ಣ ಹೊಡೆಯಬೇಕು. ಚಾಸಿ ಮುಗಿದ ಕೂಡಲೇ ಬಣ್ಣ ಎನ್ನುವ ಪುಸ್ತಕ ಅನುಸರಿಸಿದರೆ ಹಿಂದಿನಿಂದ ಬೆಸೆಯುವ ಪ್ರತಿ ಬ್ರಾಕೆಟ್ಟಿಗೂ ಬಣ್ಣ ಸುಡುತ್ತದೆ, ಅಲ್ಲಿಂದಲೇ ತುಕ್ಕು ಶುರು. ವಯರಿಂಗಿನ ಅರ್ತ್ ಜೋಡಣೆಗೆ ಬಣ್ಣ ಕೆರೆದು ಬರಿ ಲೋಹ ತೋರಿಸಬೇಕು ಎಂಬ ಮಾತು ವಯರಿಂಗ್ ಅಧ್ಯಾಯದಲ್ಲಿ ಬಂದಿದ್ದರೆ ಲೇಖಕರಿಗೆ ಕೆಲಸ ಗೊತ್ತು.

ವಯರಿಂಗ್ ಭಾಗದಲ್ಲಿ ಫ್ಯೂಸಿನ ಲೆಕ್ಕವನ್ನೂ ರಿಲೇಗಳನ್ನೂ ಅಪಘಾತವಾದಾಗ ಪೆಟ್ರೋಲ್ ಪಂಪನ್ನು ನಿಲ್ಲಿಸುವ ಸ್ವಿಚ್ಚನ್ನೂ ನೋಡಿ. ಇದಕ್ಕಿಂತ ಆಳಕ್ಕೆ ಈ ಪುಸ್ತಕಗಳು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಹಂತ 10: ಜೊತೆ ಪುಸ್ತಕಗಳು, ಕೊಳ್ಳುವ ಸರದಿ

ಒಂದೇ ಪುಸ್ತಕದಲ್ಲಿ ಎಲ್ಲ ಸಿಗುವುದಿಲ್ಲ. ಮೊದಲು ಕೊಳ್ಳಬೇಕಾದದ್ದು ಡೋನರ್ ಕಾರಿನ ಸರ್ವಿಸ್ ಮ್ಯಾನುಯಲ್, ಕಾರು ಕಳಚುವುದಕ್ಕೂ ಮೊದಲು. ಬೋಲ್ಟ್ ಬಿಗಿಯುವ ಟಾರ್ಕು, ವಯರಿನ ಬಣ್ಣಗಳು, ಹಬ್ ಬೇರಿಂಗ್ ಕೂರಿಸುವ ಕ್ರಮ ಇವೆಲ್ಲ ಅಲ್ಲೇ ಇರುವುದು. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ತೆಗೆದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೂ ಅದರಲ್ಲೇ ನೋಡಿಕೊಳ್ಳಬೇಕು.

ಎರಡನೆಯದು ನಕ್ಷೆ ಪುಸ್ತಕ, ಮೂರನೆಯದು ಸಸ್ಪೆನ್ಷನ್ ಸಿದ್ಧಾಂತದ್ದು. ವೆಲ್ಡಿಂಗಿಗೆ ಪುಸ್ತಕಕ್ಕಿಂತ ಗೊತ್ತಿದ್ದವರ ಪಕ್ಕದಲ್ಲಿ ಒಂದು ವಾರ ನಿಲ್ಲುವುದು ಮೇಲು. ಒಂದೇ ಬಗೆಯ ಕಾರಿಗೆ ಎರಡು ನಕ್ಷೆ ಪುಸ್ತಕ ಕೊಂಡು ಎರಡರಿಂದಲೂ ಅಳತೆ ಆಯುವುದು ಬೇಡ.

ಕೈಬಿಡಬೇಕಾದ ಪುಸ್ತಕದ ಲಕ್ಷಣಗಳು

- ವೆಚ್ಚವನ್ನು ಮುಖಪುಟದಲ್ಲೇ ಹೇಳಿ, ಒಳಗೆ ಟೈರು, ಬ್ರೇಕಿನ ಹೊಸ ಭಾಗಗಳು, ನೋಂದಣಿ, ಉಪಕರಣ ಇವನ್ನು ಲೆಕ್ಕಕ್ಕೆ ಹಿಡಿಯದಿರುವುದು
- ಸೀಟ್ ಬೆಲ್ಟ್ ಕೂರಿಸುವ ಜಾಗಕ್ಕೆ ಬಲಪಡಿಸುವ ತಗಡನ್ನೇ ತೋರಿಸದೆ, ಬರೀ ತೆಳು ಪೈಪಿಗೆ ಬೋಲ್ಟು ಹಾಕಿಸುವುದು
- ರೋಲ್ ಬಾರಿಗೆ (ಕಾರು ಮಗುಚಿದರೆ ತಲೆ ಕಾಯುವ ಕಮಾನಿಗೆ) ಹಿಂದಿನಿಂದ ಆನಿಕೆ ಕೊಡುವ ಊರೆಗಳಿಲ್ಲದಿರುವುದು, ಅಥವಾ ಅದು ಚಾಲಕರ ಹೆಲ್ಮೆಟ್ಟಿಗಿಂತ ತಗ್ಗಿರುವುದು
- ಮುಗಿದ ಕಾರಿನ ಫೋಟೋದಲ್ಲಿ ಕಾಣುವ ಬ್ರಾಕೆಟ್ಟು, ಪೈಪು ನಕ್ಷೆಯಲ್ಲಿ ಇಲ್ಲದಿರುವುದು. ಆ ಕಾರು ಆ ನಕ್ಷೆಯಿಂದ ಕಟ್ಟಿದ್ದಲ್ಲ
- ಅಲ್ಯೂಮಿನಿಯಂ ತಗಡನ್ನು ಉಕ್ಕಿನ ಪೈಪಿಗೆ ನೇರವಾಗಿ ರಿವೆಟ್ ಮಾಡಿಸುವುದು. ನಡುವೆ ಬಣ್ಣ, ಸೀಲಂಟ್ ಇಲ್ಲದಿದ್ದರೆ ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ
- ಗ್ಲೈಕಾಲ್ ಆಧಾರದ ಡಾಟ್ 4 ಬ್ರೇಕ್ ಎಣ್ಣೆಯನ್ನೂ ಸಿಲಿಕೋನಿನ ಡಾಟ್ 5ನ್ನೂ ಒಂದರ ಬದಲು ಒಂದು ಹಾಕಬಹುದು ಎನ್ನುವುದು

ಕೊನೆಯ ಎರಡರಲ್ಲಿ ಒಂದಿದ್ದರೆ ಅಂಚಿನಲ್ಲಿ ತಿದ್ದಿಕೊಂಡು ಮುಂದೆ ಹೋಗಬಹುದು. ಸೀಟ್ ಬೆಲ್ಟ್, ರೋಲ್ ಬಾರಿನ ತಪ್ಪಿಗೆ ಮಾತ್ರ ರಿಯಾಯಿತಿ ಕೊಡಬೇಡಿ.

ಹಂತ 11: ಉಕ್ಕು ಕೊಳ್ಳುವ ಮೊದಲು ಒಂದು ತುಂಡಿನ ಪರೀಕ್ಷೆ

ಪುಸ್ತಕ ಮನೆಗೆ ಬಂದಾಯಿತು. ಪೂರ್ತಿ ಚಾಸಿಯ ಪೈಪು ತರಬೇಡಿ. ಎರಡು ಮೀಟರ್ ಪೈಪು, ಅಂಗೈ ಅಗಲದ 3 ಮಿ.ಮೀ. ತಗಡು ತನ್ನಿ. ಪುಸ್ತಕದಲ್ಲಿ ಹೇಳಿದಷ್ಟನ್ನೇ ಓದಿಕೊಂಡು, ಯಾರನ್ನೂ ಕೇಳದೆ, ಒಂದು ಸಸ್ಪೆನ್ಷನ್ ಬ್ರಾಕೆಟ್ಟನ್ನೂ ಓರೆ ಪೈಪು ಬಂದು ಸೇರುವ ಒಂದು ಮೂಲೆಯನ್ನೂ ಮಾಡಿ. ಬೋಲ್ಟಿನ ತೂತು ಪೈಪಿನ ಅಂಚಿನಿಂದ ಎಷ್ಟು ದೂರ, ಎರಡು ಕಿವಿಗಳ ನಡುವೆ ಬುಶ್ಶಿಗೆ ಎಷ್ಟು ಸಂದು, ಕೋನ ಎಷ್ಟು ಇವೆಲ್ಲ ಪುಸ್ತಕದಿಂದಲೇ ಸಿಗಬೇಕು. ಊಹಿಸಬೇಕಾಗಿ ಬಂದ ಪ್ರತಿ ಅಳತೆಯನ್ನೂ ನೋಟುಬುಕ್ಕಿನಲ್ಲಿ ಗುರುತು ಮಾಡಿ. ಒಂದು ಬ್ರಾಕೆಟ್ಟಿನಲ್ಲೇ ನಾಲ್ಕೈದು ಊಹೆ ಬಂದರೆ ಇಡೀ ಕಾರಿನಲ್ಲಿ ನೂರಾರು ಬರುತ್ತವೆ. ಪುಸ್ತಕ ಬದಲಿಸಲು ಇದು ಕಡಿಮೆ ಖರ್ಚಿನ ಸಮಯ.

ಆಮೇಲೆ ಬೆಸೆದ ಮೂಲೆಯನ್ನು ಬೆಸುಗೆಯ ಅಡ್ಡಕ್ಕೆ ಹ್ಯಾಕ್ಸಾದಿಂದ ಕೊಯ್ದು ನೋಡಿ. ಬೆಸುಗೆ ಪೈಪಿನ ಗೋಡೆಯೊಳಗೆ ಇಳಿದಿರಬೇಕು, ಮೇಲೆ ಕೂತು ಹೊಳೆಯುತ್ತಿದ್ದರೆ ಸಾಲದು. ಇನ್ನೊಂದು ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಾಗಿಸಿ. ಪೈಪು ಬಾಗಬೇಕು, ಬೆಸುಗೆ ಬಿಡಬಾರದು. ಬಿಟ್ಟರೆ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಸದ್ಯಕ್ಕೆ ಕಿಟ್ ಜೋಡಣೆಯ ದಾರಿ ಹಿಡಿಯಿರಿ, ಇಲ್ಲವೇ ಕತ್ತರಿಸುವುದು, ಚುಕ್ಕೆ ಬೆಸುಗೆ ಹಾಕುವುದು ನಿಮ್ಮದಾಗಲಿ, ಪೂರ್ತಿ ಬೆಸುಗೆಯನ್ನು ಅನುಭವಿ ವೆಲ್ಡರಿಗೆ ಒಪ್ಪಿಸಿ. ಎರಡೂ ಪರೀಕ್ಷೆಯಲ್ಲಿ ಪಾಸಾದರೆ ನಕ್ಷೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿ, ನೀವು ಹಿಡಿದ ತಿದ್ದುಪಡಿಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಹಲಗೆಯ ಮೇಲೆ ತೂಗುಹಾಕಿ. ಮೂಲ ಪುಸ್ತಕ ಗ್ಯಾರೇಜಿನ ಎಣ್ಣೆ, ಕಿಡಿಗಳಿಂದ ದೂರ ಮನೆಯೊಳಗೇ ಇರಲಿ.